ಎಳೆ ಎಣಿಸುವ ವಿದ್ಯೆ: ಕ್ರಾಸ್ ಸ್ಟಿಚ್‌ ಹವ್ಯಾಸಿಗಳಿಗೆ ಕಸೂತಿಯ ಪಾಠ

ಕೈಕಸೂತಿಯನ್ನು ಅದರ ವಿಧಾನದ ಆಧಾರದ ಮೇಲೆ ಎರಡು ಬಗೆಯಾಗಿ ವಿಂಗಡಿಸಬಹುದು. ಹೂವು ಬಳ್ಳಿಗಳನ್ನು ಬಟ್ಟೆಯ ಮೇಲೆ ಮೊದಲೇ ಬರೆದುಕೊಂಡು ಆ ಗೆರೆಯ ಗುಂಟ ಸೂಜಿ ನಡೆಸುವುದು ಒಂದು ಬಗೆಯಾದರೆ, ಏನನ್ನೂ ಬರೆಯದೆ, ಬಟ್ಟೆಯ ಉದ್ದಕ್ಕೆ ಹಾಯುವ ಹಾಸಿನ ಎಳೆಗಳನ್ನೂ ಅಡ್ಡಕ್ಕೆ ಹಾಯುವ ಹೊಕ್ಕಿನ ಎಳೆಗಳನ್ನೂ ಎಣಿಸುತ್ತ, ಇಂತಿಷ್ಟು ಎಳೆ ಹಿಡಿದು ಇಂತಿಷ್ಟು ಎಳೆ ಬಿಟ್ಟು ಚಿತ್ರ ಮೂಡಿಸುವುದು ಇನ್ನೊಂದು. ಗುಣಾಕಾರದ ಗುರುತಿನಂತೆ ಎರಡು ಓರೆ ಹೊಲಿಗೆಗಳನ್ನು ಒಂದರ ಮೇಲೊಂದು ಹಾಕುವ, ಹವ್ಯಾಸಿಗಳ ನಡುವೆ ಕ್ರಾಸ್ ಸ್ಟಿಚ್ ಎಂದು ಹೆಸರಾಗಿರುವ ಕೆಲಸ ಈ ಎರಡನೆಯ ಬಗೆಗೆ ಸೇರುತ್ತದೆ. ಧಾರವಾಡ ಸೀಮೆಯ ಕಸೂತಿಯೂ ಇದೇ ಬಗೆಯದು. ಅದರ ನಾಲ್ಕು ಹೊಲಿಗೆಗಳಾದ ಗವಂತಿ, ಮುರಗಿ, ನೇಗಿ ಮತ್ತು ಮೆಂತಿಗಳಲ್ಲಿ, ಮೆಂತ್ಯದ ಕಾಳನ್ನು ಹರಡಿದಂತೆ ಕಾಣುವ ಮೆಂತಿ ಹೊಲಿಗೆಯು ಕ್ರಾಸ್ ಸ್ಟಿಚ್ಚೇ ಆಗಿದೆ.

ಪೊಟ್ಟಣದಲ್ಲಿ ಬಟ್ಟೆ, ದಾರ, ಸೂಜಿ ಮತ್ತು ಚೌಕಳಿ ನಕ್ಷೆ ಎಲ್ಲವನ್ನೂ ಒಟ್ಟಿಗೆ ಕೊಂಡು, ಇದು ಯುರೋಪಿನಿಂದ ಬಂದ ಹವ್ಯಾಸ ಎಂದು ಭಾವಿಸಿ ಕಲಿಯಲು ಕುಳಿತ ಕನ್ನಡದ ಹೆಣ್ಣುಮಕ್ಕಳಿಗೂ ಗಂಡುಮಕ್ಕಳಿಗೂ ಈ ಸಂಬಂಧ ತಿಳಿದಿರುವುದು ಅಗತ್ಯ. ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ಪಲ್ಲಕ್ಕಿ, ತುಳಸಿ ಬೃಂದಾವನ, ಆನೆ, ಗಿಳಿ, ನವಿಲುಗಳನ್ನು ಯಾವ ಅಚ್ಚೂ ಇಲ್ಲದೆ ಎಣಿಕೆಯಿಂದಲೇ ಮೂಡಿಸಿದವರು ಕಂಡುಕೊಂಡ ಹಲವು ಉಪಾಯಗಳು ಇಂದಿನ ಕ್ರಾಸ್ ಸ್ಟಿಚ್ ಕೆಲಸಕ್ಕೆ ನೇರವಾಗಿ ಒದಗುತ್ತವೆ. ಅವುಗಳಲ್ಲಿ ಮೊದಲನೆಯದೂ ಮುಖ್ಯವಾದುದೂ ಒಂದೇ: ಕೆಲಸದ ಗುಣಮಟ್ಟವನ್ನು ಮುಂಬದಿಯ ಬಣ್ಣಗಳಿಗಿಂತ ಬಟ್ಟೆಯ ಎಣಿಕೆ ಮತ್ತು ಹಿಂಬದಿಯಲ್ಲಿ ಸೂಜಿ ಹಿಡಿದ ದಾರಿ ನಿರ್ಧರಿಸುತ್ತವೆ.

ಹತ್ತಿಯ ನಾಡಿನಲ್ಲಿ

ಈ ವಿಷಯವನ್ನು ಕೊಯಮತ್ತೂರಿನ ಗಣಪತಿ ಬಡಾವಣೆಯನ್ನು ಮುಂದಿಟ್ಟುಕೊಂಡು ವಿವೇಚಿಸಲು ಕಾರಣಗಳಿವೆ. ನಗರದ ಉತ್ತರಕ್ಕೆ ಸತ್ಯಮಂಗಲದ ರಸ್ತೆಯಲ್ಲಿರುವ ಗಣಪತಿಯು ನೂಲುವ ಯಂತ್ರಗಳಿಗೆ ಹೆಸರಾಗಿದ್ದ ಟೆಕ್ಸ್‌ಟೂಲ್ ಕಾರ್ಖಾನೆಯ ನೆಲೆ. ಅದೇ ರಸ್ತೆ ಸತ್ಯಮಂಗಲವನ್ನು ದಾಟಿ, ದಿಂಬಂ ಘಟ್ಟವನ್ನು ಏರಿ, ಚಾಮರಾಜನಗರವನ್ನು ಸೇರುತ್ತದೆ. ಕೊಯಮತ್ತೂರು ಸೀಮೆಯು 1799ರ ವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು, ಕೊಳ್ಳೇಗಾಲ ತಾಲ್ಲೂಕು 1956ರ ಭಾಷಾವಾರು ಪುನರ್ವಿಂಗಡಣೆಯ ವರೆಗೂ ಕೊಯಮತ್ತೂರು ಜಿಲ್ಲೆಯ ಭಾಗವಾಗಿತ್ತು, ಮತ್ತು ಈ ಜಿಲ್ಲೆಯ ದೇವಾಂಗ ನೇಕಾರರಲ್ಲಿ ಬಹಳಷ್ಟು ಕುಟುಂಬಗಳ ಮನೆಮಾತು ಇಂದಿಗೂ ಕನ್ನಡವೇ ಆಗಿದೆ. ಆದುದರಿಂದ ಹಾಸು, ಹೊಕ್ಕು, ಎಳೆ, ಲಡಿ ಎಂಬ ಮಾತುಗಳು ಇಲ್ಲಿನ ಕನ್ನಡಿಗರಿಗೆ ಪುಸ್ತಕದಿಂದ ಬಂದವಲ್ಲ.

ಹತ್ತಿಯ ವಿಷಯದಲ್ಲಂತೂ ಈ ಸೀಮೆಯ ಸ್ಥಾನ ದೊಡ್ಡದು. ಕೊಯಮತ್ತೂರಿನಲ್ಲಿ ಹತ್ತಿ ನೂಲುವ ಮೊದಲ ಗಿರಣಿ 1888ರಲ್ಲಿ ಆರಂಭವಾಯಿತು. ದಕ್ಷಿಣ ಭಾರತ ಜವಳಿ ಸಂಶೋಧನಾ ಸಂಘವು 1956ರಿಂದ ಇಲ್ಲಿಯೇ ಕೆಲಸ ಮಾಡುತ್ತಿದೆ. ಸುಜಾತಾ ಎಂಬ ತಳಿಯನ್ನು ಸೇಂಟ್ ವಿನ್ಸೆಂಟ್ ಎಂಬ ದ್ವೀಪದ ಹತ್ತಿಯೊಂದಿಗೆ ಸಂಕರಗೊಳಿಸಿ ಪಡೆದ, ನಾರಿನ ಉದ್ದಕ್ಕೆ ಹೆಸರಾದ ಸುವಿನ್ ಹತ್ತಿಯೂ 1970ರ ದಶಕದಲ್ಲಿ ಕೊಯಮತ್ತೂರಿನಲ್ಲಿಯೇ ರೂಪುಗೊಂಡಿತು. ನಾರಿನ ಉದ್ದಕ್ಕೂ ಕಸೂತಿಗೂ ಇರುವ ಸಂಬಂಧ ನೇರವಾದುದು: ಗಿಡ್ಡ ನಾರಿನಿಂದ ನೂತ ದಾರವು ಬಟ್ಟೆಯ ತೂತಿನಲ್ಲಿ ಹತ್ತಾರು ಸಲ ಉಜ್ಜಿದೊಡನೆ ಜುಂಗು ಎದ್ದು ಮಂಕಾಗುತ್ತದೆ, ಉದ್ದ ನಾರನ್ನು ಬಾಚಿ ನೂತ ದಾರವು ಕೊನೆಯ ವರೆಗೂ ನಯವಾಗಿ ಉಳಿಯುತ್ತದೆ.

ಕೊಯಮತ್ತೂರಿನಿಂದ ಘಟ್ಟವೇರಿದರೆ ಸಿಗುವ ನೀಲಗಿರಿಯಲ್ಲಿ ತೋಡ ಜನರು ದಪ್ಪ ಬಿಳಿ ಹತ್ತಿ ಬಟ್ಟೆಯ ಮೇಲೆ ಕೆಂಪು ಮತ್ತು ಕಪ್ಪು ನೂಲಿನಿಂದ, ಅಚ್ಚಿಲ್ಲದೆ, ಎಳೆ ಎಣಿಸಿಯೇ ತಮ್ಮ ಹೊದಿಕೆಯಾದ ಪುಟ್ಕುಳಿಯನ್ನು ಅಲಂಕರಿಸುತ್ತಾರೆ. ಧಾರವಾಡದ ಕಸೂತಿಗೆ 2006ರಲ್ಲಿಯೂ ತೋಡ ಕಸೂತಿಗೆ 2013ರಲ್ಲಿಯೂ, ಒಂದು ವಸ್ತುವಿನ ಹೆಸರನ್ನು ಅದು ಹುಟ್ಟಿದ ಸ್ಥಳಕ್ಕೆ ಕಾನೂನಿನಿಂದ ಬಿಗಿಯುವ ಭೌಗೋಳಿಕ ಸೂಚಕ ಮಾನ್ಯತೆ ದೊರೆತಿದೆ. ಎಣಿಕೆಯ ಕಸೂತಿಯ ಎರಡು ದೊಡ್ಡ ಪರಂಪರೆಗಳನ್ನು ಅರಿಯುವ ಅವಕಾಶ ಗಣಪತಿಯ ಕನ್ನಡ ಹವ್ಯಾಸಿಗೆ ಇರುವಷ್ಟು ಸುಲಭವಾಗಿ ಬೇರೆಯವರಿಗೆ ಇರುವುದು ಅಪರೂಪ.

ಮೊದಲು ಬಟ್ಟೆ

ಹವ್ಯಾಸಿಗಳು ಸಾಮಾನ್ಯವಾಗಿ ಮೊದಲು ಚಿತ್ರವನ್ನೂ ಅನಂತರ ಬಣ್ಣಗಳನ್ನೂ ಕೊನೆಗೆ ಬಟ್ಟೆಯನ್ನೂ ಆರಿಸುತ್ತಾರೆ. ಈ ಕ್ರಮ ತಿರುಗಬೇಕು. ಕ್ರಾಸ್ ಸ್ಟಿಚ್‌ಗೆಂದೇ ನೇಯ್ದ ಐಡಾ ಬಟ್ಟೆಯಲ್ಲಿ ಹಾಸು ಹೊಕ್ಕುಗಳು ಗುಂಪುಗುಂಪಾಗಿ ಹೆಣೆದುಕೊಂಡು ಕಣ್ಣಿಗೆ ಕಾಣುವ ಚೌಕಗಳಾಗಿರುತ್ತವೆ, ಮತ್ತು ಒಂದು ಅಂಗುಲದಲ್ಲಿ ಎಷ್ಟು ಚೌಕಗಳಿವೆಯೋ ಅದನ್ನೇ ಅದರ ಕೌಂಟ್ ಎಂದು ಕರೆಯುತ್ತಾರೆ. 70 ಮನೆ, ಅಂದರೆ ನಕ್ಷೆಯ 70 ಚೌಕ, ಅಗಲದ ಬೃಂದಾವನದ ಚಿತ್ರವೊಂದು 14 ಕೌಂಟಿನ ಬಟ್ಟೆಯ ಮೇಲೆ ಸರಿಯಾಗಿ 5 ಅಂಗುಲ, ಅಂದರೆ 12.7 ಸೆಂಟಿಮೀಟರ್ ಆಗುತ್ತದೆ. ಅದೇ ಚಿತ್ರ 11 ಕೌಂಟಿನ ಮೇಲೆ ಸುಮಾರು 16 ಸೆಂಟಿಮೀಟರಿಗೆ ಹಿಗ್ಗುತ್ತದೆ, 18 ಕೌಂಟಿನ ಮೇಲೆ ಸುಮಾರು 10 ಸೆಂಟಿಮೀಟರಿಗೆ ಕುಗ್ಗುತ್ತದೆ. ಮನೆಗಳ ಸಂಖ್ಯೆಯನ್ನು ಕೌಂಟಿನಿಂದ ಭಾಗಿಸಿ, ಸುತ್ತಲೂ ಕನಿಷ್ಠ 3 ಅಂಗುಲ ಅಂಚು ಸೇರಿಸಿ ಬಟ್ಟೆ ಕತ್ತರಿಸಿದರೆ ಮುಂದೆ ಚೌಕಟ್ಟು ಹಾಕಿಸುವಾಗ ತೊಡಕಾಗುವುದಿಲ್ಲ. ಗಿರಣಿಯ ಮಾತಿನಲ್ಲಿ 40 ಅಥವಾ 60 ಕೌಂಟ್ ಎಂದರೆ ನೂಲಿನ ಸಣ್ಣತನದ ಅಳತೆಯೇ ಹೊರತು ಬಟ್ಟೆಯ ಚೌಕಗಳ ಲೆಕ್ಕವಲ್ಲವಾದುದರಿಂದ, ಕೊಯಮತ್ತೂರು ತಿರುಪ್ಪೂರುಗಳ ಅಂಗಡಿಗಳಲ್ಲಿ ಕೇಳುವಾಗ ಅಂಗುಲಕ್ಕೆ ಎಷ್ಟು ಚೌಕ ಎಂದೇ ಕೇಳುವುದು ಒಳ್ಳೆಯದು.

ಐಡಾ ದೊರೆಯದ ಕಡೆ ಮ್ಯಾಟಿ ಬಟ್ಟೆಯು, ಅಂದರೆ ಎರಡೆರಡು ಎಳೆಗಳನ್ನು ಜೋಡಿಯಾಗಿ ಚಾಪೆಯಂತೆ ಹೆಣೆದ ಹತ್ತಿ ಬಟ್ಟೆಯು, ಕಡಿಮೆ ಬೆಲೆಯಲ್ಲಿ ಅದೇ ಕೆಲಸ ಮಾಡುತ್ತದೆ. ದಪ್ಪ ನೂಲಿನ ಕೈಮಗ್ಗದ ಬಟ್ಟೆ ಮತ್ತು ಖಾದಿಯೂ ಎಣಿಕೆಗೆ ಒಗ್ಗುತ್ತವೆ. ಆದರೆ ಐಡಾದ ಹೊರಗೆ ಕಾಲಿಟ್ಟೊಡನೆ ಒಂದು ಎಚ್ಚರ ಬೇಕು: ಮಗ್ಗದ ಬಟ್ಟೆಯಲ್ಲಿ ಅಂಗುಲಕ್ಕೆ ಹಾಸಿನ ಎಳೆಗಳೂ ಹೊಕ್ಕಿನ ಎಳೆಗಳೂ ಸಮವಾಗಿರುವುದು ವಿರಳ. ಅಂಗುಲಕ್ಕೆ 64 ಹಾಸು ಮತ್ತು 56 ಹೊಕ್ಕು ಇರುವ ಬಟ್ಟೆಯ ಮೇಲೆ, ಅಗಲಕ್ಕೆ 64 ಎಳೆ ಎತ್ತರಕ್ಕೆ 64 ಎಳೆ ಎಣಿಸಿ ಹೊಲಿದ ಚೌಕವು ಅಗಲದಲ್ಲಿ ಒಂದು ಅಂಗುಲವಾದರೆ ಎತ್ತರದಲ್ಲಿ ಅಂಗುಲವನ್ನು ಮೀರಿ ಏಳನೆಯ ಒಂದು ಪಾಲು ಬೆಳೆದಿರುತ್ತದೆ. ಆನೆ ಉದ್ದವಾಗಿ, ತೇರಿನ ಗಾಲಿ ಮೊಟ್ಟೆಯಂತೆ ಕಾಣುವುದು ಇದರಿಂದಲೇ. ಹತ್ತಿಯ ಹಾಸಿಗೆ ರೇಷ್ಮೆಯ ಹೊಕ್ಕು ಹಾಕಿದ ಸೀರೆಗಳಲ್ಲಿ ಈ ವ್ಯತ್ಯಾಸ ಇನ್ನಷ್ಟು ಹೆಚ್ಚಾಗಬಹುದು. ಆದುದರಿಂದ ಮೂಲೆಯಲ್ಲಿ ಎರಡು ದಿಕ್ಕಿಗೂ 20 ಎಳೆಗಳ ಒಂದು ಚೌಕವನ್ನು ಹೊಲಿದು ಅಳತೆಪಟ್ಟಿಯಿಂದ ಅಳೆದು, ವ್ಯತ್ಯಾಸ ಕಂಡರೆ ಎಳೆ ವಿರಳವಾದ ದಿಕ್ಕಿನಲ್ಲಿ ಆ ವ್ಯತ್ಯಾಸಕ್ಕೆ ತಕ್ಕಷ್ಟು ಕಡಿಮೆ ಎಳೆ ಹಿಡಿಯುವಂತೆ ನಕ್ಷೆಯನ್ನು ಹೊಂದಿಸಿಕೊಳ್ಳಬೇಕು. ಅರ್ಧ ಗಂಟೆಯ ಈ ಕೆಲಸವನ್ನು ಬಿಟ್ಟವರು ತಿಂಗಳ ದುಡಿಮೆಯನ್ನು ಬಿಚ್ಚಬೇಕಾಗುತ್ತದೆ.

ಹೊಸ ಬಟ್ಟೆಯನ್ನು ರಾತ್ರಿಯಿಡೀ ತಣ್ಣೀರಿನಲ್ಲಿ ನೆನೆಸಿ, ಒಣಗಿಸಿ, ಇಸ್ತ್ರಿ ಮಾಡಿಕೊಂಡು, ಅಂದರೆ ಮುಂದೆ ಕುಗ್ಗುವಷ್ಟನ್ನೂ ಮೊದಲೇ ಕುಗ್ಗಿಸಿಕೊಂಡು, ಅನಂತರವೇ ಸೂಜಿ ಹಾಕಬೇಕು. ನಾಲ್ಕು ಅಂಚುಗಳನ್ನೂ ಕಚ್ಚಾ ಹೊಲಿಗೆಯಿಂದ ಮಡಿಸಿ ಹೊಲಿದರೆ ಎಳೆ ಬಿಚ್ಚುವುದಿಲ್ಲ. ಅಂಟುಪಟ್ಟಿಯ ಗೋಂದು ಕಾಲಕ್ರಮದಲ್ಲಿ ಹಳದಿ ಕಲೆಯಾಗುವುದರಿಂದ ಅದನ್ನು ಬಳಸಬಾರದು.

ದಾರ ಮತ್ತು ಸೂಜಿ

ಕಸೂತಿ ದಾರವೆಂದು ಮಾರುವ ಹತ್ತಿಯ ಲಡಿಯಲ್ಲಿ ಆರು ಎಳೆಗಳು ಸಡಿಲವಾಗಿ ಕೂಡಿಕೊಂಡಿರುತ್ತವೆ, ಮತ್ತು ಆ್ಯಂಕರ್ ಅಥವಾ ಡಿಎಂಸಿಯಂತಹ ಕಂಪನಿಗಳ ಲಡಿಯ ಉದ್ದ 8 ಮೀಟರ್. ಅದರ ಹೊಳಪಿಗೆ ಕಾರಣ ಮರ್ಸರೀಕರಣ ಎಂಬ ಸಂಸ್ಕಾರ: ಹತ್ತಿಯನ್ನು ಕಾಸ್ಟಿಕ್ ಸೋಡಾದಲ್ಲಿ ಅದ್ದಿದರೆ ನಾರು ಉಬ್ಬಿ ಬಣ್ಣವನ್ನು ಚೆನ್ನಾಗಿ ಹೀರುತ್ತದೆ ಎಂಬುದನ್ನು ಇಂಗ್ಲೆಂಡಿನ ಜಾನ್ ಮರ್ಸರ್ 1844ರಲ್ಲಿ ಕಂಡುಕೊಂಡನು, ಆ ಸ್ಥಿತಿಯಲ್ಲಿ ನೂಲನ್ನು ಬಿಗಿಯಾಗಿ ಎಳೆದು ಹಿಡಿದರೆ ರೇಷ್ಮೆಯಂತಹ ಹೊಳಪು ಬರುವುದೆಂಬುದು 1890ರಲ್ಲಿ ಹೊರೇಸ್ ಲೋವ್ ಕಂಡುಕೊಂಡ ಸಂಗತಿ. ಈ ಹೊಳಪು ಎಳೆಗಳು ಒಂದರ ಪಕ್ಕ ಒಂದು ಮಟ್ಟಸವಾಗಿ ಮಲಗಿದಾಗ ಮಾತ್ರ ಕಾಣುತ್ತದೆ. ಆದುದರಿಂದ ಲಡಿಯಿಂದ ಕತ್ತರಿಸಿದ ತುಂಡಿನ ಆರೂ ಎಳೆಗಳನ್ನು ಒಂದೊಂದಾಗಿ ಎಳೆದು ಬಿಡಿಸಿ, ಬೇಕಾದಷ್ಟನ್ನು ಮತ್ತೆ ಜೋಡಿಸಿಕೊಳ್ಳಬೇಕು. ಎರಡು ಎಳೆಗಳನ್ನು ಒಟ್ಟಿಗೆ ಎಳೆದು ತೆಗೆದರೆ ಉಳಿದವು ಗಂಟಾಗುತ್ತವೆ, ತೆಗೆದವು ಹುರಿಗೊಂಡೇ ಇರುತ್ತವೆ. 14 ಕೌಂಟಿನ ಬಟ್ಟೆಗೆ ಎರಡು ಎಳೆ, 11 ಕೌಂಟಿಗೆ ಮೂರು, ಗವಂತಿಯಂತಹ ಗೆರೆ ಹೊಲಿಗೆಗೆ ಒಂದು ಅಥವಾ ಎರಡು ಎಳೆ ಸಾಕಾಗುತ್ತದೆ.

ದಾರದ ಉದ್ದಕ್ಕೆ ಹಳೆಯ ಅಳತೆಯಾದ ಒಂದು ಮೊಳವೇ, ಅಂದರೆ ಸುಮಾರು 45 ಸೆಂಟಿಮೀಟರೇ, ಸರಿಯಾದ ಅಳತೆ. ಪದೇಪದೇ ಸೂಜಿ ಪೋಣಿಸುವ ಬೇಸರಕ್ಕೆ ಎರಡು ಮೊಳ ಹಿಡಿದರೆ ಕೊನೆಯ ಅರ್ಧವು ಬಟ್ಟೆಯಲ್ಲಿ ಉಜ್ಜಿ ಉಜ್ಜಿ ಸವೆದು, ಒಂದೇ ಬಣ್ಣದ ಹೂವಿನ ಒಂದು ಎಸಳು ಹೊಳೆದು ಇನ್ನೊಂದು ಮಂಕಾಗುತ್ತದೆ. ಹೊಲಿಯುತ್ತ ಹೋದಂತೆ ದಾರ ಹುರಿಗೊಳ್ಳುವುದು ಸಹಜ. ಏಳೆಂಟು ಹೊಲಿಗೆಗೊಮ್ಮೆ ಬಟ್ಟೆಯನ್ನು ಮಗುಚಿ ಸೂಜಿಯನ್ನು ತೂಗಬಿಟ್ಟರೆ ಅದು ತಾನಾಗಿ ತಿರುಗಿ ಹುರಿ ಬಿಚ್ಚಿಕೊಳ್ಳುತ್ತದೆ. ಒಂದು ಚಿತ್ರಕ್ಕೆ ಬೇಕಾಗುವ ಹಿನ್ನೆಲೆಯ ಬಣ್ಣವನ್ನು ಒಮ್ಮೆಗೇ ಕೊಳ್ಳಬೇಕು, ಏಕೆಂದರೆ ಒಂದೇ ಸಂಖ್ಯೆಯ ಬಣ್ಣವೂ ಬೇರೆ ಬೇರೆ ಹದಗಳಲ್ಲಿ ಅದ್ದಿದಾಗ ತುಸು ಬದಲಾಗುವುದುಂಟು.

ಸೂಜಿಯ ಆಯ್ಕೆಯಲ್ಲಿ ತಪ್ಪುವವರು ಹೆಚ್ಚು. ಎಣಿಕೆಯ ಕಸೂತಿಗೆ ಮೊಂಡು ತುದಿಯ ಟ್ಯಾಪೆಸ್ಟ್ರಿ ಸೂಜಿ ಬೇಕು. ಅದು ಎಳೆಗಳನ್ನು ಸೀಳದೆ ಅವುಗಳ ನಡುವೆ ನುಸುಳುತ್ತದೆ. ಬರೆದ ಚಿತ್ರದ ಮೇಲೆ ಹೊಲಿಯುವ ಕೆಲಸಕ್ಕೆ ಚೂಪು ತುದಿಯದು ಬೇಕು. ಸಂಖ್ಯೆ ಹೆಚ್ಚಿದಂತೆ ಸೂಜಿ ಸಣ್ಣದಾಗುವುದರಿಂದ 14 ಕೌಂಟಿಗೆ 24ನೆಯ ನಂಬರ್, 16 ಮತ್ತು 18ಕ್ಕೆ 26ನೆಯ ನಂಬರ್ ಹೊಂದುತ್ತದೆ. ಕೆಲಸ ನಿಲ್ಲಿಸುವಾಗ ಸೂಜಿಯನ್ನು ಚಿತ್ರದ ನಡುವೆ ಚುಚ್ಚಿಡಬಾರದು. ಮಳೆಗಾಲದ ತೇವದಲ್ಲಿ ಅದು ತುಕ್ಕು ಹಿಡಿದು ಬಿಡುವ ಕಲೆಯನ್ನು ತೆಗೆಯುವುದು ಕಷ್ಟ. ಬಟ್ಟೆಯನ್ನು ಬಿಗಿಹಿಡಿಯುವ ಮರದ ರಿಂಗನ್ನೂ ಪ್ರತಿದಿನ ಕೆಲಸ ಮುಗಿದೊಡನೆ ತೆಗೆಯಬೇಕು, ಮತ್ತು ಅದರ ಒಳಬಳೆಗೆ ಹತ್ತಿಯ ಪಟ್ಟಿಯನ್ನು ಸುತ್ತಿಕೊಂಡರೆ ಬಟ್ಟೆ ಜಾರುವುದಿಲ್ಲ, ಗುರುತೂ ಬೀಳುವುದಿಲ್ಲ.

ಹಿಂಬದಿಯ ದಾರಿ

ಸಾಂಪ್ರದಾಯಿಕ ಕಸೂತಿಯಲ್ಲಿ ಗಂಟು ಹಾಕುವಂತಿಲ್ಲ. ಈ ನಿಯಮದ ಹಿಂದೆ ಅಂದಕ್ಕಿಂತ ಮಿಗಿಲಾದ ಕಾರಣವಿದೆ: ಗಂಟು ಇಸ್ತ್ರಿಯ ಕೆಳಗೆ ಉಬ್ಬಾಗಿ ಮುಂಬದಿಗೆ ಮೂಡುತ್ತದೆ, ಒಗೆತದಲ್ಲಿ ಸಡಿಲಗೊಂಡು ಬಟ್ಟೆಯ ತೂತಿನಿಂದ ಹೊರಬಿದ್ದರೆ ಇಡೀ ಸಾಲೇ ಬಿಚ್ಚುತ್ತದೆ. ಕ್ರಾಸ್ ಸ್ಟಿಚ್‌ನಲ್ಲಿ ಎರಡು ಎಳೆಗಳಿಂದ ಹೊಲಿಯುವಾಗ, ಎರಡು ಮೊಳದ ಒಂದೇ ಎಳೆಯನ್ನು ನಡುವೆ ಮಡಿಸಿ, ಎರಡು ತುದಿಗಳನ್ನೂ ಸೂಜಿಗೆ ಪೋಣಿಸಿ, ಮೊದಲ ಹೊಲಿಗೆಯ ಸೂಜಿಯನ್ನು ಹಿಂಬದಿಯಲ್ಲಿ ಉಳಿದ ಕುಣಿಕೆಯೊಳಗೆ ತೂರಿಸಿ ಎಳೆದರೆ ಆರಂಭ ಭದ್ರವಾಗುತ್ತದೆ. ಮುಗಿಸುವಾಗ ದಾರವನ್ನು ಹಿಂಬದಿಯ ನಾಲ್ಕೈದು ಹೊಲಿಗೆಗಳ ಅಡಿಯಲ್ಲಿ ತೂರಿಸಿ ಕತ್ತರಿಸಬೇಕು. ಗವಂತಿಯಲ್ಲಿ ಇನ್ನೂ ಚೆಲುವಾದ ಉಪಾಯವಿದೆ: ಚಿತ್ರದ ನಡುವೆ ಸೂಜಿ ಹಾಕಿ ದಾರದ ಅರ್ಧವನ್ನು ಹಾಗೆಯೇ ತೂಗಬಿಟ್ಟು ಒಂದು ದಿಕ್ಕಿಗೆ ಹೊಲಿದು, ಅನಂತರ ಉಳಿದ ಅರ್ಧಕ್ಕೆ ಸೂಜಿ ಪೋಣಿಸಿ ಇನ್ನೊಂದು ದಿಕ್ಕಿಗೆ ಹೊಲಿದರೆ ಆರಂಭದ ತುದಿ ಎಂಬುದೇ ಇರುವುದಿಲ್ಲ.

ಗವಂತಿ ಎಂದರೆ ಹೋಗಿ ಬರುವ ಹೊಲಿಗೆ. ಹೋಗುವಾಗ ಸೂಜಿಯು ಒಂದು ಮನೆಯನ್ನು ಮುಂಬದಿಯಲ್ಲಿ, ಮುಂದಿನ ಮನೆಯನ್ನು ಹಿಂಬದಿಯಲ್ಲಿ ಹಾಯುತ್ತ ಸಾಗುತ್ತದೆ. ಬರುವಾಗ ಅದೇ ದಾರಿಯಲ್ಲಿ ಬಿಟ್ಟ ಮನೆಗಳನ್ನೆಲ್ಲ ತುಂಬುತ್ತದೆ, ಹೀಗಾಗಿ ಎರಡು ಬದಿಯಲ್ಲಿಯೂ ಒಂದೇ ಗೆರೆ ಕಾಣುತ್ತದೆ. 16ನೆಯ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ಭಾವಚಿತ್ರಗಳಲ್ಲಿನ ಉಡುಪುಗಳ ಮೇಲೆ ಕಾಣುವ ಕಾರಣದಿಂದ ಯುರೋಪಿನವರು ಇದನ್ನೇ ಹೋಲ್ಬೈನ್ ಹೊಲಿಗೆ ಎನ್ನುತ್ತಾರೆ. ಇದೇ ಹೊಲಿಗೆಯನ್ನು ಮೆಟ್ಟಿಲುಮೆಟ್ಟಿಲಾಗಿ ಅಂಕುಡೊಂಕಾಗಿ ಹಾಕಿದರೆ ಅದು ಮುರಗಿ.

ಹೊಸಬರನ್ನು ಹೆದರಿಸುವುದು ಕವಲುಗಳು. ಗೋಪುರದ ಗೆರೆಯಿಂದ ಕಳಶವೊಂದು ಕವಲೊಡೆದಾಗ, ಕಳಶದಿಂದ ಎರಡು ಎಲೆಗಳು ಕವಲೊಡೆದಾಗ ಸೂಜಿ ಎಲ್ಲಿಗೆ ಹೋಗಬೇಕು, ಹಿಂಬದಿಯಲ್ಲಿ ಅಡ್ಡದಾರಿ ಹಿಡಿಯದೆ ಹೇಗೆ ಮರಳಬೇಕು ಎಂಬ ಪ್ರಶ್ನೆಗೆ ಗಣಿತದಲ್ಲಿ ಸ್ಪಷ್ಟವಾದ ಉತ್ತರವಿದೆ. ಕೋನಿಗ್ಸ್‌ಬರ್ಗ್ ನಗರದ ಏಳು ಸೇತುವೆಗಳನ್ನು ಒಂದೊಂದು ಸಲ ಮಾತ್ರ ದಾಟಿ ಸುತ್ತಿಬರಲು ಸಾಧ್ಯವೇ ಎಂಬ ಸಮಸ್ಯೆಯನ್ನು 1736ರಲ್ಲಿ ವಿವೇಚಿಸಿದ ಲಿಯೊನಾರ್ಡ್ ಆಯ್ಲರ್, ಬೆಸ ಸಂಖ್ಯೆಯ ದಾರಿಗಳು ಕೂಡುವ ಸಂಧಿಗಳು ಎರಡಕ್ಕಿಂತ ಹೆಚ್ಚಿದ್ದರೆ ಅಂತಹ ನಡಿಗೆ ಅಸಾಧ್ಯವೆಂದು ತೋರಿಸಿದನು. ಗವಂತಿಯಲ್ಲಿ ಪ್ರತಿಯೊಂದು ಗೆರೆಯನ್ನೂ ಎರಡು ಸಲ ಹಾಯುವುದರಿಂದ ಎಲ್ಲ ಸಂಧಿಗಳೂ ಸಮಸಂಖ್ಯೆಯವಾಗುತ್ತವೆ; ಆದ್ದರಿಂದ ಒಂದಕ್ಕೊಂದು ಅಂಟಿಕೊಂಡಿರುವ ಯಾವ ಚಿತ್ರವನ್ನಾದರೂ, ಅದು ಎಷ್ಟೇ ಜಟಿಲವಾಗಿರಲಿ, ಎಲ್ಲಿಯೂ ಹಾರದೆ ಹೊರಟ ಜಾಗಕ್ಕೇ ಮರಳುವಂತೆ ಹೊಲಿಯಬಹುದು.

ಅದಕ್ಕೆ ಪಾಲಿಸಬೇಕಾದ ನಿಯಮ ಒಂದೇ. ಹೋಗುವ ದಾರಿಯಲ್ಲಿ ಕವಲು ಸಿಕ್ಕಿದೊಡನೆ ಆ ಕವಲಿಗೆ ತಿರುಗಿ, ಅದರ ತುದಿಯ ವರೆಗೆ ಹೋಗಿ, ಅದೇ ದಾರಿಯಲ್ಲಿ ತುಂಬುತ್ತ ಸಂಧಿಗೆ ಮರಳಿ, ಅನಂತರವೇ ಮುಖ್ಯ ಗೆರೆಯಲ್ಲಿ ಮುಂದುವರಿಯಬೇಕು. ಕವಲಿನಲ್ಲಿ ಮತ್ತೆ ಕವಲು ಸಿಕ್ಕರೆ ಅಲ್ಲಿಯೂ ಇದೇ ಕ್ರಮ. ವಜ್ರಾಕೃತಿಯಂತಹ ಮುಚ್ಚಿದ ಸುತ್ತು ಬಂದರೆ ಅದನ್ನೂ ಉದ್ದವಾದ ಕವಲೆಂದೇ ಭಾವಿಸಿ, ಪೂರ್ತಿ ಸುತ್ತಿ ಬಂದು, ಬಂದ ದಾರಿಯಲ್ಲಿಯೇ ಹಿಂದಿರುಗಬೇಕು. ಹೋಗಿ ಬಂದ ಹೆಜ್ಜೆಗಳ ಮೊತ್ತ ಯಾವಾಗಲೂ ಸಮಸಂಖ್ಯೆಯಾಗುವುದರಿಂದ, ಕವಲಿಗೆ ತಿರುಗುವಾಗ ಸೂಜಿ ಬಟ್ಟೆಯ ಯಾವ ಬದಿಯಲ್ಲಿತ್ತೋ ಮರಳಿದಾಗಲೂ ಅದೇ ಬದಿಯಲ್ಲಿರಬೇಕು. ಹಾಗಿಲ್ಲದಿದ್ದರೆ ಆ ಕವಲಿನಲ್ಲಿ ಎಲ್ಲಿಯೋ ಒಂದು ಎಣಿಕೆ ತಪ್ಪಿದೆ ಎಂದು ಅಲ್ಲಿಯೇ, ಆಗಲೇ ತಿಳಿಯುತ್ತದೆ. ಇಡೀ ತೇರು ಮುಗಿದ ಮೇಲೆ ತಪ್ಪನ್ನು ಹುಡುಕುವ ಸಂಕಟ ತಪ್ಪುತ್ತದೆ. ಪ್ರತಿ ಗೆರೆಗೂ ದಾರ ಎರಡು ಸಲ ಹಾಯುವುದರಿಂದ ಒಂದು ಮೊಳ ದಾರದಲ್ಲಿ ಹೆಚ್ಚೆಂದರೆ 20 ಸೆಂಟಿಮೀಟರಿನಷ್ಟು ಗೆರೆ ಮುಗಿಯುತ್ತದೆ ಎಂಬ ಲೆಕ್ಕವನ್ನು ಇಟ್ಟುಕೊಂಡು ಎಷ್ಟು ದೂರ ಹೋಗಿ ಮರಳಬೇಕೆಂಬುದನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು.

ಮೆಂತಿಯಲ್ಲಿ, ಅಂದರೆ ಕ್ರಾಸ್ ಸ್ಟಿಚ್‌ನಲ್ಲಿ, ದಾರ ಹೆಚ್ಚು ಹಿಡಿಯುತ್ತದೆ, ಚಿತ್ರ ಭಾರವಾಗುತ್ತದೆ, ಮತ್ತು ಎರಡು ಬದಿಗಳು ಒಂದೇ ಆಗಿರುವುದಿಲ್ಲ. ಆದುದರಿಂದ ಸೀರೆಯಲ್ಲಿ ಅದನ್ನು ಮಿತವಾಗಿ, ಒಳಭಾಗ ತುಂಬಲು ಬಳಸುವುದು ಯುಕ್ತ. ಎಲ್ಲ ಹೊಲಿಗೆಗಳ ಮೇಲಿನ ಓರೆಯೂ ಒಂದೇ ದಿಕ್ಕಿಗೆ ವಾಲಿರಬೇಕೆಂಬುದು ಇದರ ಮೂಲ ನಿಯಮ, ಏಕೆಂದರೆ ದಿಕ್ಕು ಬದಲಾದ ಕಡೆ ಬೆಳಕು ಬೇರೆಯಾಗಿ ಪ್ರತಿಫಲಿಸಿ ಅದೇ ಬಣ್ಣ ಬೇರೆ ಬಣ್ಣವಾಗಿ ಕಾಣುತ್ತದೆ. ಒಂದು ಸಾಲಿನ ಅರ್ಧ ಹೊಲಿಗೆಗಳನ್ನೆಲ್ಲ ಮೊದಲು ಹಾಕಿ, ಮರಳುವಾಗ ಉಳಿದರ್ಧ ಹಾಕುವವರಿಗೆ ಈ ತಪ್ಪು ಬಹುಮಟ್ಟಿಗೆ ಆಗುವುದಿಲ್ಲ. ಬಟ್ಟೆಯನ್ನು ನಾಲ್ಕಾಗಿ ಮಡಿಸಿ ನಡುವನ್ನು ಗುರುತಿಸಿ, ಪ್ರತಿ 10 ಮನೆಗೊಮ್ಮೆ ಬೇರೆ ಬಣ್ಣದ ದಾರದಿಂದ ಕಚ್ಚಾ ಗೆರೆ ಹಾಕಿಕೊಂಡರೆ ಎಣಿಕೆಯ ಶ್ರಮ ಬಹಳ ಕಡಿಮೆಯಾಗುತ್ತದೆ. ಒಂದು ಬಣ್ಣದ ಜಾಗದಿಂದ ಇನ್ನೊಂದಕ್ಕೆ ಹಿಂಬದಿಯಲ್ಲಿ ಒಂದು ಅಂಗುಲಕ್ಕಿಂತ ದೂರ ದಾರ ಎಳೆಯಬಾರದು. ಕಪ್ಪು ದಾರವಂತೂ ಬಿಳಿ ಬಟ್ಟೆಯಲ್ಲಿ ನೆರಳಾಗಿ ಕಂಡೇ ಕಾಣುತ್ತದೆ. ನೇಯ್ಗೆಯಂತೆ ಕಾಣುವ ನೇಗಿ ಹೊಲಿಗೆಯಲ್ಲಿಯೂ ಉದ್ದವಾಗಿ ತೇಲುವ ಎಳೆ ಬಳೆಗೆ ಸಿಕ್ಕಿ ಹರಿಯುತ್ತದೆಯಾದ್ದರಿಂದ ಅದನ್ನು ಗಿಡ್ಡವಾಗಿಡಬೇಕು.

ಮದುವೆಯ ಹೆಣ್ಣಿಗೆ ಕೊಡುವ ಕಪ್ಪು ಚಂದ್ರಕಾಳಿ ಸೀರೆಯ ಮೇಲೆ ಎಣಿಸುವುದು ಎಲ್ಲಕ್ಕಿಂತ ಕಠಿಣವಾದ ಕೆಲಸ. ತೊಡೆಯ ಮೇಲೆ ಬಿಳಿ ಬಟ್ಟೆ ಹಾಸಿಕೊಂಡು ಹಗಲ ಬೆಳಕಿನಲ್ಲಿ ಕುಳಿತರೆ ಎಳೆಗಳ ನಡುವಿನ ತೂತುಗಳು ಬಿಳಿಯ ಚುಕ್ಕೆಗಳಾಗಿ ಕಾಣುತ್ತವೆ. ಬಲಗೈಯಿಂದ ಹೊಲಿಯುವವರಿಗೆ ಬೆಳಕು ಎಡದಿಂದ ಬರಬೇಕು. ನಲವತ್ತು ದಾಟಿದವರು ಕಣ್ಣನ್ನು ಹಿಂಸಿಸುವ ಬದಲು ಭೂತಗನ್ನಡಿ ಬಳಸುವುದೇ ಒಳ್ಳೆಯದು.

ಎಣಿಸಲಾಗದ ಬಟ್ಟೆ

ತಿರುಪ್ಪೂರಿನ ಬನಿಯನ್ ಬಟ್ಟೆಯಲ್ಲಿ ಹಾಸು ಹೊಕ್ಕುಗಳಿಲ್ಲ, ಒಂದೇ ನೂಲು ಕುಣಿಕೆಗಳಾಗಿ ಹೆಣೆದಿರುತ್ತದೆ. ಅದು ಹಿಗ್ಗುವುದೂ ಎಣಿಕೆಗೆ ಸಿಗದಿರುವುದೂ ಇದೇ ಕಾರಣದಿಂದ. ಮಕ್ಕಳ ಟಿ-ಶರ್ಟಿನ ಮೇಲೆ ಕ್ರಾಸ್ ಸ್ಟಿಚ್ ಹಾಕಬೇಕೆಂದರೆ, ಹಿಂಬದಿಗೆ ತೆಳುವಾದ ಹತ್ತಿ ಬಟ್ಟೆಯ ಅಸ್ತರು ಹಿಡಿಸಿ, ಮುಂಬದಿಗೆ ಸಡಿಲ ನೇಯ್ಗೆಯ ಜಾಳಿ ಬಟ್ಟೆಯನ್ನು ಕಚ್ಚಾ ಹೊಲಿದು, ಆ ಜಾಳಿಯ ಚೌಕಗಳನ್ನು ಎಣಿಸಿ ಮೂರೂ ಬಟ್ಟೆಗಳ ಮೂಲಕ ಹೊಲಿಯಬೇಕು. ಮುಗಿದ ಮೇಲೆ ಜಾಳಿಯನ್ನು ಒದ್ದೆ ಮಾಡಿ ಅದರ ಎಳೆಗಳನ್ನು ಚಿಮಟದಿಂದ ಒಂದೊಂದಾಗಿ ಎಳೆದು ತೆಗೆದರೆ ಹೊಲಿಗೆ ಮಾತ್ರ ಉಳಿಯುತ್ತದೆ. ದಟ್ಟವಾಗಿ ನೇಯ್ದ ರೇಷ್ಮೆಗೂ ಇದೇ ಉಪಾಯ ಸಲ್ಲುತ್ತದೆ. ಬರೆದು ಹೊಲಿಯುವವರು ನೀರಿನಲ್ಲಿ ಹೋಗುವ ಶಾಯಿಯ ಪೆನ್ನು ಬಳಸಿದರೆ, ಅದನ್ನು ತೊಳೆಯುವ ಮೊದಲು ಇಸ್ತ್ರಿ ತಾಗಿಸಬಾರದು. ಶಾಖಕ್ಕೆ ಆ ಗೆರೆ ಬಟ್ಟೆಯಲ್ಲಿ ನಿಂತುಬಿಡುತ್ತದೆ.

ಒಗೆತ

ಕೆಂಪು ಮತ್ತು ಕಪ್ಪು ದಾರಗಳು ಬಣ್ಣ ಬಿಡುವ ಭಯ ಎಲ್ಲರಿಗೂ ಇದೆ, ಮತ್ತು ಅದಕ್ಕೆ ಉಪ್ಪುನೀರಿನಲ್ಲಿ ನೆನೆಸುವುದೇ ಮದ್ದೆಂಬ ನಂಬಿಕೆಯೂ ಬಲವಾಗಿದೆ. ಉಪ್ಪು ಬಣ್ಣಗಾರನ ತೊಟ್ಟಿಯಲ್ಲಿ ಬಣ್ಣವನ್ನು ನೂಲಿನೊಳಗೆ ಸೆಳೆಯಲು ನೆರವಾಗುತ್ತದೆಯೇ ಹೊರತು, ಈಗಾಗಲೇ ಸಡಿಲವಾಗಿ ಅಂಟಿರುವ ಬಣ್ಣವನ್ನು ಆಮೇಲೆ ಭದ್ರಪಡಿಸುವುದಿಲ್ಲ. ಸರಿಯಾದ ಮಾರ್ಗವೆಂದರೆ ಹೊಲಿಯುವ ಮೊದಲೇ ದಾರದ ತುಂಡೊಂದನ್ನು ಒದ್ದೆ ಮಾಡಿ ಬಿಳಿ ಬಟ್ಟೆಯ ನಡುವೆ ಒತ್ತಿ ನೋಡುವುದು. ಬಣ್ಣ ಬಿಟ್ಟರೆ ನೀರು ತಿಳಿಯಾಗುವ ವರೆಗೆ ಇಡೀ ಲಡಿಯನ್ನು ತೊಳೆದು ಒಣಗಿಸಿ ಬಳಸುವುದು, ಇಲ್ಲವೇ ಆ ದಾರವನ್ನೇ ಬಿಡುವುದು. ಮುಗಿದ ಕೆಲಸದಲ್ಲಿ ಬಣ್ಣ ಹರಡಿದ್ದು ಕಂಡರೆ ಅದನ್ನು ಯಾವ ಕಾರಣಕ್ಕೂ ಒಣಗಲು ಬಿಡಬಾರದು, ತಣ್ಣೀರನ್ನು ಮತ್ತೆ ಮತ್ತೆ ಬದಲಿಸುತ್ತ ಕಲೆ ಹೋಗುವ ವರೆಗೂ ನೆನೆಸಬೇಕು. ಒಮ್ಮೆ ಒಣಗಿ ಇಸ್ತ್ರಿಯಾದ ಕಲೆ ಹೋಗುವುದು ವಿರಳ.

ಕೊಳವೆಬಾವಿಯ ಗಡಸು ನೀರಿನಲ್ಲಿ ಸಾಬೂನು ಬಳಸಿದರೆ ಅದು ನೀರಿನ ಸುಣ್ಣದೊಂದಿಗೆ ಕೂಡಿ ಬೂದುಬಣ್ಣದ ಜಿಡ್ಡಾಗಿ ಎಳೆಗಳ ನಡುವೆ ಕೂರುತ್ತದೆ, ಮರ್ಸರೀಕರಿಸಿದ ದಾರದ ಹೊಳಪು ಅಲ್ಲಿಗೆ ಮುಗಿಯುತ್ತದೆ. ಕಸೂತಿಯನ್ನು ತೊಳೆಯಲು ಮೃದು ನೀರನ್ನೋ ಹಿಡಿದಿಟ್ಟ ಮಳೆನೀರನ್ನೋ ಬಳಸಿ, ಸೌಮ್ಯವಾದ ದ್ರವ ಮಾರ್ಜಕವನ್ನು ತುಸುವೇ ಹಾಕಿ, ಉಜ್ಜದೆ ಹಿಂಡದೆ ಅದ್ದಿ ತೆಗೆದು, ಒಣ ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರನ್ನು ಒತ್ತಿ ತೆಗೆಯಬೇಕು. ಇಸ್ತ್ರಿಯನ್ನು ದಪ್ಪ ಟವೆಲ್ಲಿನ ಮೇಲೆ ಕೆಲಸವನ್ನು ಮುಖ ಕೆಳಗಾಗಿ ಹರಡಿ ಹಿಂಬದಿಯಿಂದಲೇ ಮಾಡಿದರೆ ಹೊಲಿಗೆಗಳು ಚಪ್ಪಟೆಯಾಗದೆ ಉಬ್ಬಿ ನಿಲ್ಲುತ್ತವೆ. ಎತ್ತಿಡುವಾಗ ಮಡಿಸುವುದಕ್ಕಿಂತ ಬಿಳಿ ಹತ್ತಿ ಬಟ್ಟೆಯೊಂದಿಗೆ ಸುರುಳಿ ಸುತ್ತಿಡುವುದು ಲೇಸು. ಪ್ಲಾಸ್ಟಿಕ್ ಚೀಲದಲ್ಲಿ ತೇವ ಉಳಿದು ಬೂಷ್ಟು ಹಿಡಿಯುತ್ತದೆ.

ಕಸೂತಿಯ ಚಿತ್ರಗಳು ಪುಸ್ತಕಗಳಲ್ಲಿ ಕೆಲವೇ ಉಳಿದಿವೆ, ಹೆಚ್ಚಿನವು ಸೀರೆಗಳ ಸೆರಗಿನಲ್ಲಿಯೂ ಖಣದ ಕುಪ್ಪಸಗಳಲ್ಲಿಯೂ ಉಳಿದಿವೆ, ಮತ್ತು ಆ ಬಟ್ಟೆಗಳು ಮಡಿಕೆಯ ಗುಂಟ ಜೀರ್ಣವಾಗುತ್ತಿವೆ. ಕರ್ನಾಟಕದಲ್ಲಾಗಲಿ ಕೊಯಮತ್ತೂರು ಸೀಮೆಯ ಕನ್ನಡದ ಮನೆಗಳಲ್ಲಾಗಲಿ ಅಜ್ಜಿಯ ಪೆಟ್ಟಿಗೆಯಲ್ಲಿ ಇಂತಹ ಸೀರೆಯಿದ್ದರೆ, ಅದರ ಪ್ರತಿಯೊಂದು ಚಿತ್ರವನ್ನೂ ಗ್ರಾಫ್ ಕಾಗದದ ಮೇಲೆ, ಒಂದು ಹೊಲಿಗೆಗೆ ಒಂದು ಮನೆಯಂತೆ, ಈಗಲೇ ನಕಲು ಮಾಡಿಕೊಳ್ಳಬೇಕು. ಒಂದು ಹೊಲಿಗೆ ಎಷ್ಟು ಎಳೆಗಳನ್ನು ಹಿಡಿದಿದೆ, ಯಾವ ಹೊಲಿಗೆ, ಯಾವ ಬಣ್ಣ, ಸೀರೆ ಯಾವ ಊರಿನಿಂದ ಯಾರ ಮದುವೆಯಲ್ಲಿ ಬಂದುದು ಎಂಬುದನ್ನು ಅದೇ ಹಾಳೆಯ ಮೇಲೆ ಬರೆದು, ಮುಂಬದಿಯ ಜೊತೆಗೆ ಹಿಂಬದಿಯ ಫೋಟೊವನ್ನೂ ತೆಗೆದಿಡಬೇಕು. ಆ ಹಾಳೆ ಇದ್ದರೆ ಯಾವ ಊರಿನಲ್ಲಿ ಕುಳಿತ ಹವ್ಯಾಸಿಯೂ ಆ ಚಿತ್ರವನ್ನು ಮತ್ತೆ ಹೊಲಿಯಬಲ್ಲರು.